200 ದೊಡ್ಡದೋ, 48 ದೊಡ್ಡದೋ? ಎರಡು ದುಬಾರಿ ಫೋನ್‌ಗಳಲ್ಲಿ ಒಂದನ್ನು ಆರಿಸುವಾಗ

ಮೊನ್ನೆ ರಾತ್ರಿ ತಂಗಿ ಫೋನ್ ಮಾಡಿದಳು. "ಅಣ್ಣಾ, ಒಂದರಲ್ಲಿ 200 ಮೆಗಾಪಿಕ್ಸೆಲ್ ಕ್ಯಾಮೆರಾ ಇದೆ. ಇನ್ನೊಂದರಲ್ಲಿ ಬರೀ 48. ಹಾಗಾದ್ರೆ 200 ಇರೋದೇ ಒಳ್ಳೇದು ಅಲ್ವಾ?"

ಅವಳು ನೋಡುತ್ತಿದ್ದದ್ದು ಎರಡು ಫೋನ್. ಒಂದು, 2025ರ ಜನವರಿಯಲ್ಲಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್25 ಅಲ್ಟ್ರಾ. ಇನ್ನೊಂದು, 2024ರ ಸೆಪ್ಟೆಂಬರ್‌ನಲ್ಲಿ ಬಂದ ಐಫೋನ್ 16 ಪ್ರೊ ಮ್ಯಾಕ್ಸ್. ಒಂದು ವಾರದಿಂದ ಎರಡರ ಗುಣವಿವರದ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಿ ಓದಿ ತಲೆ ಕೆಡಿಸಿಕೊಂಡಿದ್ದಳು. ತಪ್ಪು ಅವಳದ್ದಲ್ಲ. ಪಟ್ಟಿಯಲ್ಲಿರುವ ಅಂಕಿಗಳೆಲ್ಲ ನಿಜವೇ. ಆದರೆ ಎರಡು ಕಂಪನಿಯವರೂ ಒಂದೇ ಅಳತೆಕೋಲು ಹಿಡಿದು ಅಳೆದಿಲ್ಲ. ಅದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ನಾಳೆ ಬೇರೆ ಮಾಡೆಲ್ ಬಂದರೂ ಅಂಕಿಗಳು ಬದಲಾಗುತ್ತವೆ ಅಷ್ಟೆ, ಓದುವ ರೀತಿ ಇದೇ.

ಮೊದಲು ಕ್ಯಾಮೆರಾ, ಯಾಕೆಂದರೆ ಅವಳು ಕೇಳಿದ್ದು ಅದನ್ನೇ

ಒಂದು ಅಂಗಳ ಇದೆ ಅಂದುಕೊಳ್ಳಿ. ಅದರ ಮೇಲೆ ಬೆಳಕು ಬೀಳುತ್ತಿದೆ. ಒಬ್ಬರು ಆ ಅಂಗಳದಲ್ಲಿ ಗೆರೆ ಎಳೆದು 48 ಚೌಕ ಮಾಡಿದರು. ಪಕ್ಕದಲ್ಲಿ ಅಷ್ಟೇ ದೊಡ್ಡ ಅಂಗಳ ಇರುವ ಇನ್ನೊಬ್ಬರು 200 ಚೌಕ ಮಾಡಿದರು. ಚೌಕ ಜಾಸ್ತಿ ಆಯಿತು ಅಂತ ಅಂಗಳಕ್ಕೆ ಬೀಳುವ ಬೆಳಕು ಜಾಸ್ತಿ ಆಗುತ್ತದಾ? ಇಲ್ಲ. ಒಂದೊಂದು ಚೌಕದ ಪಾಲಿಗೆ ಬರುವ ಬೆಳಕು ಕಮ್ಮಿ ಆಗುತ್ತದೆ, ಅಷ್ಟೆ.

ಅಂಗಳ ಅಂದರೆ ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್, ಚೌಕ ಅಂದರೆ ಪಿಕ್ಸೆಲ್. ಹತ್ತು ಲಕ್ಷ ಪಿಕ್ಸೆಲ್ ಸೇರಿದರೆ ಒಂದು ಮೆಗಾಪಿಕ್ಸೆಲ್. ಈ ಎರಡು ಫೋನ್‌ಗಳ ಮುಖ್ಯ ಕ್ಯಾಮೆರಾದ ಸೆನ್ಸರ್‌ಗಳು ಹೆಚ್ಚುಕಮ್ಮಿ ಒಂದೇ ಗಾತ್ರದವು. ಎಸ್25 ಅಲ್ಟ್ರಾದ ಒಂದೊಂದು ಪಿಕ್ಸೆಲ್ 0.6 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಅಗಲ. ಐಫೋನಿನದು 1.22 ಮೈಕ್ರಾನ್. ಪುಟ್ಟ ಪಿಕ್ಸೆಲ್‌ಗೆ ಮಬ್ಬು ಬೆಳಕಿನಲ್ಲಿ ಸರಿಯಾಗಿ ಕಾಣುವುದಿಲ್ಲ. ಅದಕ್ಕೆ ಇಬ್ಬರೂ ಒಂದು ಉಪಾಯ ಮಾಡುತ್ತಾರೆ. ಅಕ್ಕಪಕ್ಕದ ಪಿಕ್ಸೆಲ್‌ಗಳನ್ನು ಸೇರಿಸಿ ಒಂದು ದೊಡ್ಡ ಪಿಕ್ಸೆಲ್ ಮಾಡಿಕೊಳ್ಳುತ್ತಾರೆ. ಸ್ಯಾಮ್‌ಸಂಗ್ 16 ಪಿಕ್ಸೆಲ್‌ಗಳನ್ನು ಒಂದು ಮಾಡುತ್ತದೆ. 200ನ್ನು 16ರಿಂದ ಭಾಗಿಸಿದರೆ ಹನ್ನೆರಡೂವರೆ. ಆ್ಯಪಲ್ 4 ಪಿಕ್ಸೆಲ್‌ಗಳನ್ನು ಒಂದು ಮಾಡುತ್ತದೆ. 48ನ್ನು 4ರಿಂದ ಭಾಗಿಸಿದರೆ 12. ಸೇರಿಸಿದ ಮೇಲೆ ಸ್ಯಾಮ್‌ಸಂಗ್‌ನ ಪಿಕ್ಸೆಲ್ 2.4 ಮೈಕ್ರಾನ್, ಆ್ಯಪಲ್‌ನದು 2.44.

ಪೆಟ್ಟಿಗೆ ಮೇಲೆ 200 ಮತ್ತು 48 ಅಂತ ಇತ್ತು. ಕತ್ತಲಾದ ಮೇಲೆ ಮನೆಯೊಳಗೆ ಫೋಟೋ ತೆಗೆಯುವ ಹೊತ್ತಿಗೆ ಅದು ಹನ್ನೆರಡೂವರೆ ಮತ್ತು ಹನ್ನೆರಡು ಆಯಿತು. ತಂಗಿ ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಹಾಗಾದ್ರೆ ಸುಮ್ನೆ ಜಾಹೀರಾತಾ ಅದು?" ಅಂದಳು.

ಅದೂ ಅಲ್ಲ. ಒಳ್ಳೆ ಬಿಸಿಲಿನಲ್ಲಿ, ಅಲುಗಾಡದ ವಸ್ತುವನ್ನು ಪೂರಾ 200 ಮೆಗಾಪಿಕ್ಸೆಲ್‌ನಲ್ಲಿ ತೆಗೆದರೆ ಆಮೇಲೆ ಒಂದು ಮೂಲೆಯನ್ನು ಕತ್ತರಿಸಿ ದೊಡ್ಡದು ಮಾಡಿಕೊಳ್ಳಬಹುದು. ಕಟ್ಟಡ, ಗೋಡೆ ಮೇಲಿನ ಬರಹ, ದೂರದ ಬೆಟ್ಟಸಾಲು, ಇಂಥದ್ದಕ್ಕೆ ಚೆನ್ನ. ಆದರೆ ಫೈಲ್ ದೊಡ್ಡದು. ಓಡಾಡುವ ಮಗುವಿಗೆ ಇದು ಆಗುವುದಿಲ್ಲ. ಹಾಗಾಗಿ ಈ ಅಂಕಿ ನೋಡಿ ಯಾರೂ ಫೋನ್ ಆರಿಸಬಾರದು ಅಂತ ನನ್ನ ಗಟ್ಟಿ ಅಭಿಪ್ರಾಯ.

ನಿಜವಾದ ವ್ಯತ್ಯಾಸ ಇರುವುದು ಜೂಮ್‌ನಲ್ಲಿ. ಇಲ್ಲಿ ಲೆಕ್ಕ ಹಾಕಿ ನೋಡಿದರೆ ತುಂಬ ವಿಷಯ ಗೊತ್ತಾಗುತ್ತದೆ. ಎರಡರಲ್ಲೂ 5 ಪಟ್ಟು ಹತ್ತಿರ ತರುವ ಲೆನ್ಸ್ ಇದೆ. ಐಫೋನಿನ ಆ ಲೆನ್ಸ್ ಹಿಂದೆ ಇರುವುದು 12 ಮೆಗಾಪಿಕ್ಸೆಲ್, ಸ್ಯಾಮ್‌ಸಂಗ್‌ನದ್ದರ ಹಿಂದೆ 50. ಈಗ 10 ಪಟ್ಟು ಜೂಮ್ ಮಾಡಿ. ಚಿತ್ರದ ಉದ್ದ ಅರ್ಧ, ಅಗಲ ಅರ್ಧ ಕತ್ತರಿಸಿದ ಹಾಗೆ. ಅಂದರೆ ನಾಲ್ಕರಲ್ಲಿ ಒಂದು ಭಾಗ ಉಳಿಯಿತು. ಸ್ಯಾಮ್‌ಸಂಗ್‌ನಲ್ಲಿ ಇನ್ನೂ ಹನ್ನೆರಡು ಚಿಲ್ಲರೆ ಮೆಗಾಪಿಕ್ಸೆಲ್ ಕೈಯಲ್ಲಿದೆ. ಐಫೋನಿನಲ್ಲಿ ಉಳಿದದ್ದು 3. ಮಿಕ್ಕಿದ್ದನ್ನು ಸಾಫ್ಟ್‌ವೇರ್ ಊಹಿಸಿ ತುಂಬಬೇಕು. ವೇದಿಕೆಯ ಮೇಲಿನ ಮುಖ, ಮರದ ತುದಿಯಲ್ಲಿ ಕೂತ ಹಕ್ಕಿ ಇವೆಲ್ಲ ನಿಮಗೆ ಬೇಕಾದರೆ ಇಲ್ಲಿ ಸ್ಯಾಮ್‌ಸಂಗ್ ಮುಂದೆ. ಅನುಮಾನವೇ ಬೇಡ.

3 ಪಟ್ಟಿನ ಜೂಮ್‌ನಲ್ಲೂ ಹಾಗೇ. ಒಬ್ಬರ ಮುಖದ ಫೋಟೋ ತೆಗೆಯಲು ಹಿತವಾದ ದೂರ ಅದು. ಸ್ಯಾಮ್‌ಸಂಗ್‌ನಲ್ಲಿ ಅದಕ್ಕೆಂದೇ 10 ಮೆಗಾಪಿಕ್ಸೆಲ್‌ನ ಬೇರೆ ಲೆನ್ಸ್ ಇದೆ. ಐಫೋನಿನಲ್ಲಿ 5 ಪಟ್ಟು ಮುಟ್ಟುವವರೆಗೆ ಮುಖ್ಯ ಕ್ಯಾಮೆರಾದ ಚಿತ್ರವನ್ನೇ ಕತ್ತರಿಸಿ ಕೊಡುತ್ತಾರೆ. 2 ಪಟ್ಟಿನಲ್ಲಿ 12 ಮೆಗಾಪಿಕ್ಸೆಲ್ ಉಳಿಯುವುದರಿಂದ ಚೆನ್ನಾಗಿಯೇ ಬರುತ್ತದೆ. 4 ಪಟ್ಟಿನ ಹೊತ್ತಿಗೆ ಸೊರಗುತ್ತದೆ.

ಇಲ್ಲಿ ಒಂದು ಚಿಕ್ಕ ಪರೀಕ್ಷೆ ಹೇಳುತ್ತೇನೆ, ಅಂಗಡಿಯಲ್ಲೇ ಮಾಡಬಹುದು. ಸ್ವಲ್ಪ ಮಬ್ಬಾಗಿರುವ ಮೂಲೆಗೆ ಹೋಗಿ. 5 ಪಟ್ಟು ಜೂಮ್ ಇಟ್ಟುಕೊಳ್ಳಿ. ಈಗ ಹಿಂದಿನ ಲೆನ್ಸ್‌ಗಳನ್ನು ಒಂದೊಂದಾಗಿ ಬೆರಳಿನಿಂದ ಮುಚ್ಚಿ ನೋಡಿ. ದೂರದ ಲೆನ್ಸ್ ಮುಚ್ಚಿದರೂ ಪರದೆ ಮೇಲಿನ ಚಿತ್ರ ಹಾಗೇ ಇದೆಯಾ? ಹಾಗಾದರೆ ಫೋನ್ ಆ ಲೆನ್ಸ್ ಬಳಸುತ್ತಲೇ ಇಲ್ಲ. ಬೆಳಕು ಸಾಲದು ಅಂತ ಮುಖ್ಯ ಕ್ಯಾಮೆರಾದ ಚಿತ್ರವನ್ನೇ ಕತ್ತರಿಸಿ ತೋರಿಸುತ್ತಿದೆ. ಮೊದಲ ಸಲ ಇದನ್ನು ಮಾಡಿ ನೋಡಿದಾಗ ನನಗೆ ನಿಜಕ್ಕೂ ಆಶ್ಚರ್ಯ ಆಗಿತ್ತು. ಎಷ್ಟು ಬೆಳಕಿಗೆ ಫೋನ್ ಕೈಚೆಲ್ಲುತ್ತದೆ ಅನ್ನುವುದು ಯಾವ ಪಟ್ಟಿಯಲ್ಲೂ ಬರೆದಿರುವುದಿಲ್ಲ.

ಮಕ್ಕಳ ಫೋಟೋಗೆ ಬೇರೆಯೇ ಪರೀಕ್ಷೆ ಬೇಕು. ಈಗಿನ ಫೋನ್‌ಗಳು ಒಂದು ಫೋಟೋ ಅಂದರೆ ಒಂದೇ ಫೋಟೋ ತೆಗೆಯುವುದಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಹಲವು ಫೋಟೋ ತೆಗೆದು ಒಂದರ ಮೇಲೊಂದು ಕೂರಿಸುತ್ತವೆ. ಮಗು ಆ ಹೊತ್ತಿನಲ್ಲಿ ಕೈ ಬೀಸಿದರೆ ಕೈ ಮಸುಕು. ಜೊತೆಗಿದ್ದವರಿಗೆ ಕೈ ಬೀಸಲು ಹೇಳಿ. ಎರಡೂ ಫೋನ್‌ಗಳಲ್ಲಿ ಹತ್ತತ್ತು ಫೋಟೋ ತೆಗೆಯಿರಿ. ಎಷ್ಟು ಚೆನ್ನಾಗಿ ಬಂದವು ಅಂತ ಎಣಿಸಿ. ಒಂದೇ ಒಂದು ಫೋಟೋ ತೆಗೆದು ತೀರ್ಮಾನ ಮಾಡಬೇಡಿ, ಅದೃಷ್ಟದ ಪಾಲು ಅದರಲ್ಲಿ ತುಂಬ ಇರುತ್ತದೆ.

ವಿಡಿಯೋ ವಿಷಯಕ್ಕೆ ಬಂದರೆ ನನ್ನ ಒಲವು ಐಫೋನಿನ ಕಡೆ. ನಡೆಯುತ್ತಾ ತೆಗೆಯುವಾಗ, ಒಳಗಿನಿಂದ ಬಿಸಿಲಿಗೆ ಬರುವಾಗ ಬಣ್ಣ ಮತ್ತು ಬೆಳಕು ಮೆತ್ತಗೆ ಬದಲಾಗುತ್ತವೆ, ತಟ್ಟನೆ ಹಾರುವುದಿಲ್ಲ. ಸ್ಯಾಮ್‌ಸಂಗ್ 8ಕೆ ವಿಡಿಯೋ ಕೊಡುತ್ತದೆ. ಆದರೆ ಅದನ್ನು ನೋಡಲು 8ಕೆ ಪರದೆ ಎಷ್ಟು ಜನರ ಹತ್ತಿರ ಇದೆ? ನಿಮಗೆ ಬೇಕಾಗುವುದು 4ಕೆ. ಅದು ಎರಡರಲ್ಲೂ ಇದೆ.

"ಕೈಗೆ ಯಾವ ವಾಚ್ ಕಟ್ಟಿದ್ದೀಯ?"

ಅರ್ಧ ಗಂಟೆ ಕ್ಯಾಮೆರಾ ಮಾತಾಡಿದ ಮೇಲೆ ತಂಗಿಗೆ ಇದನ್ನು ಕೇಳಿದೆ. ಮೊದಲೇ ಕೇಳಬೇಕಿತ್ತು. ಅವಳ ಕೈಯಲ್ಲಿದ್ದದ್ದು ಗ್ಯಾಲಕ್ಸಿ ವಾಚ್, ಕೊಂಡು ಇನ್ನೂ ಒಂದು ವರ್ಷ ಆಗಿಲ್ಲ.

2021ರ ಗ್ಯಾಲಕ್ಸಿ ವಾಚ್ 4ರಿಂದ ಈಚೆಗೆ ಬಂದ ಸ್ಯಾಮ್‌ಸಂಗ್ ವಾಚ್‌ಗಳು ಐಫೋನ್ ಜೊತೆ ಕೆಲಸ ಮಾಡುವುದಿಲ್ಲ. ಆ್ಯಪಲ್ ವಾಚ್ ಆಂಡ್ರಾಯ್ಡ್ ಜೊತೆ ಯಾವತ್ತೂ ಕೆಲಸ ಮಾಡಿಲ್ಲ. ಅಂದರೆ ಫೋನ್ ಕಡೆ ಬದಲಾಯಿಸಿದರೆ ವಾಚ್ ಕೂಡ ಬದಲಾಯಿಸಬೇಕು. ಆ್ಯಪಲ್‌ನ ಇಯರ್‌ಫೋನ್ ಏರ್‌ಪಾಡ್ಸ್ ಆಂಡ್ರಾಯ್ಡ್ ಫೋನಿಗೂ ಬ್ಲೂಟೂತ್‌ನಲ್ಲಿ ಸೇರುತ್ತವೆ, ಹಾಡು ಕೇಳಬಹುದು, ಮಾತಾಡಬಹುದು. ಆದರೆ ಅದರ ಅರ್ಧ ಸವಲತ್ತು ಇರುವುದಿಲ್ಲ. ದುಡ್ಡು ಕೊಟ್ಟು ಕೊಂಡ ಆ್ಯಪ್‌ಗಳೂ ಸಾಮಾನ್ಯವಾಗಿ ಆ ಕಡೆಯಿಂದ ಈ ಕಡೆಗೆ ಬರುವುದಿಲ್ಲ. ಮನೆಯವರೆಲ್ಲ ಒಂದೇ ಕಡೆ ಇದ್ದು ಏರ್‌ಡ್ರಾಪ್‌ನಲ್ಲೋ ಕ್ವಿಕ್ ಶೇರ್‌ನಲ್ಲೋ ಫೋಟೋ ಕಳಿಸಿ ರೂಢಿಯಾಗಿದ್ದರೆ, ನೀವೊಬ್ಬರೇ ಆಚೆ ಹೋದ ಮೇಲೆ ದಿನಾ ಅದರ ಬಿಸಿ ತಟ್ಟುತ್ತದೆ.

ವಾಟ್ಸಾಪ್ ಇನ್ನೊಂದು ತೊಡಕು. ಆಂಡ್ರಾಯ್ಡ್‌ನಲ್ಲಿ ಅದರ ಬ್ಯಾಕಪ್ ಗೂಗಲ್ ಖಾತೆಗೆ ಹೋಗುತ್ತದೆ, ಐಫೋನಿನಲ್ಲಿ ಐಕ್ಲೌಡ್‌ಗೆ. ಇದರದ್ದು ಅದರಲ್ಲಿ ತೆರೆಯುವುದಿಲ್ಲ. ಆಂಡ್ರಾಯ್ಡ್‌ನಿಂದ ಐಫೋನಿಗೆ ಹೋಗುವವರು "ಮೂವ್ ಟು ಐಒಎಸ್" ಆ್ಯಪ್ ಮೂಲಕ ಹಳೆಯ ಮಾತುಕತೆಗಳನ್ನು ಸಾಗಿಸಬಹುದು. ಆದರೆ ಹೊಸ ಐಫೋನನ್ನು ಮೊದಲ ಸಲ ಆನ್ ಮಾಡಿ ಸೆಟ್ ಮಾಡುವಾಗಲೇ ಅದನ್ನು ಮಾಡಬೇಕು. ಖುಷಿಯಲ್ಲಿ ಎಲ್ಲ ಸೆಟ್ ಮಾಡಿಕೊಂಡು ವಾರದ ಮೇಲೆ ನೆನಪಾದರೆ, ಹೊಸ ಫೋನನ್ನು ಪೂರ್ತಿ ಅಳಿಸಿ ಮೊದಲಿಂದ ಶುರು ಮಾಡಬೇಕಾಗುತ್ತದೆ.

ನನ್ನ ಮಾತು ಇಷ್ಟೇ. ಈ ಮಟ್ಟದ ಎರಡು ಫೋನ್‌ಗಳ ನಡುವಿನ ಗುಣದ ಅಂತರಕ್ಕಿಂತ, ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟುವ ಖರ್ಚು ಮತ್ತು ತಾಪತ್ರಯ ದೊಡ್ಡದು. ಮೊದಲು ನಿಮ್ಮ ಸುತ್ತ ಏನೇನಿದೆ ಅಂತ ಒಂದು ಹಾಳೆಯ ಮೇಲೆ ಬರೆಯಿರಿ: ವಾಚ್, ಇಯರ್‌ಫೋನ್, ಲ್ಯಾಪ್‌ಟಾಪ್, ಮನೆಯವರ ಫೋನ್, ಫೋಟೋ ಎಲ್ಲಿ ಕೂಡಿಟ್ಟಿದ್ದೀರಿ ಅನ್ನುವುದು. ಅದರಲ್ಲಿ ಮುಕ್ಕಾಲು ಒಂದೇ ಕಡೆ ಇದ್ದರೆ ಅಲ್ಲೇ ಇರಿ. ಅಲ್ಲಿಂದ ಏಳಬೇಕಾದರೆ ದಿನನಿತ್ಯ ಎದ್ದು ಕಾಣುವ ಒಂದು ಕಾರಣ ಬೇಕು.

ಪರದೆ

ಎರಡೂ 6.9 ಇಂಚು. ಎರಡೂ ಸೆಕೆಂಡಿಗೆ 120 ಸಲ ಚಿತ್ರ ಬದಲಿಸುತ್ತವೆ, ಸುಮ್ಮನಿರುವಾಗ 1ಕ್ಕೆ ಇಳಿದು ಬ್ಯಾಟರಿ ಉಳಿಸುತ್ತವೆ. ಸ್ಯಾಮ್‌ಸಂಗ್‌ನ ಪರದೆಯಲ್ಲಿ ಚುಕ್ಕೆಗಳು ಜಾಸ್ತಿ, 3120 ಇಂಟು 1440. ಆದರೆ ಪೆಟ್ಟಿಗೆಯಿಂದ ತೆಗೆದಾಗ ಅದು 2340 ಇಂಟು 1080ರಲ್ಲಿ ಇರುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ನೀವೇ ಏರಿಸಬೇಕು. ಏರಿಸಿದವರಿಗೂ ವ್ಯತ್ಯಾಸ ಕಾಣುವುದು ಕಷ್ಟ.

ಹೊಳಪನ್ನು ನಿಟ್ಸ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಸ್ಯಾಮ್‌ಸಂಗ್ 2600 ಅನ್ನುತ್ತದೆ, ಆ್ಯಪಲ್ ಹೊರಗಿನ ಬಿಸಿಲಿನಲ್ಲಿ 2000 ಅನ್ನುತ್ತದೆ. ಇವೆರಡೂ ಗರಿಷ್ಠ ಅಂಕಿ. ನಮ್ಮ ಕಣ್ಣು ಹೊಳಪನ್ನು ನೇರ ಲೆಕ್ಕದಲ್ಲಿ ನೋಡುವುದಿಲ್ಲ. ಬೆಳಕು ಎರಡು ಪಟ್ಟಾದರೂ ಕಣ್ಣಿಗೆ ಎರಡು ಪಟ್ಟು ಅನ್ನಿಸುವುದಿಲ್ಲ.

ಬಿಸಿಲಿನಲ್ಲಿ ಪರದೆ ಓದಲು ಆಗದಿರುವುದಕ್ಕೆ ಮುಖ್ಯ ಕಾರಣ ಗಾಜಿನ ಮೇಲಿನ ಪ್ರತಿಫಲನ. ಎರಡೂ ಫೋನ್‌ಗಳ ಪರದೆ ಆಫ್ ಮಾಡಿ, ಮೇಲಿರುವ ದೀಪದ ಕೆಳಗೆ ಪಕ್ಕಪಕ್ಕ ಹಿಡಿಯಿರಿ. ಐಫೋನಿನ ಗಾಜಿನಲ್ಲಿ ದೀಪ ಕನ್ನಡಿಯಲ್ಲಿ ಕಂಡಂತೆ ಬೆಳ್ಳಗೆ ಕಾಣುತ್ತದೆ. ಎಸ್25 ಅಲ್ಟ್ರಾದ ಗಾಜಿಗೆ ಗೊರಿಲ್ಲಾ ಆರ್ಮರ್ 2 ಅಂತ ಹೆಸರು. ಅದರಲ್ಲಿ ಅದೇ ದೀಪ ಮಂಕಾಗಿ, ಸ್ವಲ್ಪ ಬಣ್ಣ ತಿರುಗಿದ ಹಾಗೆ ಕಾಣುತ್ತದೆ. ಹೊರಗೆ ಓಡಾಡಿ ಕೆಲಸ ಮಾಡುವವರಿಗೆ ಇದು ದಿನಾ ಉಪಯೋಗಕ್ಕೆ ಬರುತ್ತದೆ. ಒಂದು ಎಚ್ಚರ: ಮೇಲೆ ಮಾಮೂಲಿ ಸ್ಕ್ರೀನ್ ಗಾರ್ಡ್ ಅಂಟಿಸಿದರೆ ಈ ಗುಣ ಹೋಗುತ್ತದೆ.

ಕಣ್ಣು ಬೇಗ ನೋಯುವವರು ಇನ್ನೊಂದು ವಿಷಯ ನೋಡಿ. ಎರಡೂ ಪರದೆಗಳು ಹೊಳಪು ಕಮ್ಮಿ ಮಾಡಿದಾಗ ಸೆಕೆಂಡಿಗೆ ನೂರಾರು ಸಲ ಆರಿ ಹತ್ತುತ್ತಿರುತ್ತವೆ. ಕಣ್ಣಿಗೆ ಕಾಣುವುದಿಲ್ಲ, ಆದರೆ ಕೆಲವರಿಗೆ ತಲೆನೋವು ಬರುತ್ತದೆ. ಸ್ನೇಹಿತರದ್ದೋ ನೆಂಟರದ್ದೋ ಫೋನ್ ಇಸಿದುಕೊಂಡು ರಾತ್ರಿ ಹೊಳಪು ಇಳಿಸಿ ಅರ್ಧ ಗಂಟೆ ಓದಿ. ಅಂಗಡಿಯ ಝಗಮಗ ಬೆಳಕಿನಲ್ಲಿ ಇದು ಗೊತ್ತಾಗುವುದಿಲ್ಲ.

ವೇಗ, ಮೆಮೊರಿ, ಬ್ಯಾಟರಿ

ಐಫೋನಿನ ಎ18 ಪ್ರೊ ಚಿಪ್, ಸ್ಯಾಮ್‌ಸಂಗ್‌ನ ಸ್ನಾಪ್‌ಡ್ರ್ಯಾಗನ್ 8 ಎಲೀಟ್ ಚಿಪ್, ಇವೆರಡನ್ನೂ ತಯಾರಿಸುವುದು ಒಂದೇ ಕಂಪನಿ, ತೈವಾನ್‌ನ ಟಿಎಸ್‌ಎಂಸಿ. ಎರಡೂ ಅದರ ಎರಡನೇ ತಲೆಮಾರಿನ 3 ನ್ಯಾನೋಮೀಟರ್ ತಂತ್ರದಲ್ಲಿ ಮಾಡಿದವು. ಯಾವ ಆ್ಯಪ್ ಎಷ್ಟು ಬೇಗ ತೆರೆಯಿತು ಅಂತ ಪಕ್ಕಪಕ್ಕ ಇಟ್ಟು ನೋಡುವ ವಿಡಿಯೋಗಳಿಂದ ನಿಮಗೆ ಏನೂ ಸಿಗುವುದಿಲ್ಲ. ಗಂಟೆಗಟ್ಟಲೆ ಆಟ ಆಡುವವರಾದರೆ ಮಾತ್ರ ಬಿಸಿಯ ಬಗ್ಗೆ ಯೋಚಿಸಿ. ಫೋನ್ ಬಿಸಿಯಾದ ಹಾಗೆ ಚಿಪ್ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ಎಸ್25 ಅಲ್ಟ್ರಾದಲ್ಲಿ ಆ ಬಿಸಿಯನ್ನು ಹರಡಲು ವೇಪರ್ ಚೇಂಬರ್ ಇದೆ. ಐಫೋನ್ 16 ಪ್ರೊ ಮ್ಯಾಕ್ಸ್‌ನಲ್ಲಿ ಇಲ್ಲ.

ರ್‍ಯಾಮ್ ಸ್ಯಾಮ್‌ಸಂಗ್‌ನಲ್ಲಿ 12 ಜಿಬಿ, ಐಫೋನಿನಲ್ಲಿ 8. ಇದೂ 200 ಮತ್ತು 48ರ ಕಥೆಯೇ. ಐಫೋನನ್ನು ನಡೆಸುವ ಸಾಫ್ಟ್‌ವೇರ್ ಐಒಎಸ್ ಹಿಂದೆ ಸರಿದ ಆ್ಯಪ್‌ಗಳನ್ನು ಬೇಗ ನಿಲ್ಲಿಸಿಬಿಡುತ್ತದೆ, ಆಂಡ್ರಾಯ್ಡ್ ಅವುಗಳಿಗೆ ಹೆಚ್ಚು ಸಡಿಲ ಕೊಡುತ್ತದೆ. ಹಾಗಾಗಿ ಅದಕ್ಕೆ ಜಾಗ ಜಾಸ್ತಿ ಬೇಕು. ಜಿಬಿ ಎದುರು ಜಿಬಿ ಇಟ್ಟು ತೂಗುವಂತಿಲ್ಲ.

ಬ್ಯಾಟರಿಯಲ್ಲಿ ಸ್ಯಾಮ್‌ಸಂಗ್ 5000 ಎಂಎಎಚ್ ಅಂತ ಹೇಳುತ್ತದೆ, ಬ್ಯಾಟರಿ ಎಷ್ಟು ವಿದ್ಯುತ್ ಹಿಡಿಯುತ್ತದೆ ಅನ್ನುವ ಅಳತೆ ಅದು. ಆ್ಯಪಲ್ ತನ್ನ ಫೋನ್‌ಗಳ ವಿವರದ ಪಟ್ಟಿಯಲ್ಲಿ ಎಂಎಎಚ್ ಹೇಳುವುದಿಲ್ಲ. ಎಷ್ಟು ಗಂಟೆ ವಿಡಿಯೋ ನೋಡಬಹುದು ಅಂತ ಮಾತ್ರ ಹೇಳುತ್ತದೆ: 33 ಗಂಟೆಯವರೆಗೆ. ಸ್ಯಾಮ್‌ಸಂಗ್‌ನ ಲೆಕ್ಕದಲ್ಲಿ ಅದರ ಫೋನಿಗೆ 31 ಗಂಟೆಯವರೆಗೆ. ಎರಡನ್ನೂ ಅವರವರೇ ಅಳೆದದ್ದು, ಅವರವರ ರೀತಿಯಲ್ಲಿ. ಎರಡೂ ಒಂದು ದಿನ ಆರಾಮಾಗಿ ಬರುತ್ತವೆ ಅಂದುಕೊಂಡರೆ ಸಾಕು. ಚಾರ್ಜ್ ಮಾಡುವುದರಲ್ಲಿ ಸ್ಯಾಮ್‌ಸಂಗ್ ಸ್ವಲ್ಪ ಮುಂದೆ. 45 ವ್ಯಾಟ್ ಚಾರ್ಜರ್ ಇದ್ದರೆ ಅರ್ಧ ಗಂಟೆಯಲ್ಲಿ 65 ಶೇಕಡದವರೆಗೆ ಅನ್ನುತ್ತಾರೆ. ಐಫೋನ್ 35 ನಿಮಿಷಕ್ಕೆ 50 ಶೇಕಡದವರೆಗೆ. ಕೊನೆಯ 20 ಶೇಕಡಾ ಎರಡರಲ್ಲೂ ನಿಧಾನವೇ, ಬ್ಯಾಟರಿ ಕೆಡದಿರಲಿ ಅಂತ ಬೇಕೆಂದೇ ಹಾಗೆ ಮಾಡಿರುತ್ತಾರೆ.

ಇನ್ನು ವಿಡಿಯೋ ಕೆಲಸ ಮಾಡುವವರಿಗೆ ಒಂದು ಮಾತು. ಐಫೋನ್ 16 ಪ್ರೊ ಮ್ಯಾಕ್ಸ್‌ನ ಯುಎಸ್‌ಬಿ-ಸಿ ಕಿಂಡಿ ಸೆಕೆಂಡಿಗೆ 10 ಗಿಗಾಬಿಟ್ ಸಾಗಿಸಬಲ್ಲದು. ಪೆಟ್ಟಿಗೆಯಲ್ಲಿ ಬರುವ ಕೇಬಲ್ ಮಾತ್ರ ಹಳೆಯ ಯುಎಸ್‌ಬಿ 2 ವೇಗದ್ದು, 480 ಮೆಗಾಬಿಟ್. ಅಂದರೆ ಇಪ್ಪತ್ತು ಪಟ್ಟು ನಿಧಾನ. ವೇಗದ ಕೇಬಲ್ ಬೇರೆ ಕೊಳ್ಳಬೇಕು. ಎರಡೂ ಫೋನ್‌ಗಳಲ್ಲಿ ಮೆಮೊರಿ ಕಾರ್ಡ್ ಹಾಕುವ ಜಾಗ ಇಲ್ಲ. 4ಕೆ ವಿಡಿಯೋವನ್ನು ಸೆಕೆಂಡಿಗೆ 60 ಫ್ರೇಮ್‌ನಲ್ಲಿ ತೆಗೆದರೆ ಐಫೋನಿನಲ್ಲಿ ನಿಮಿಷಕ್ಕೆ ಸುಮಾರು 400 ಎಂಬಿ ಹೋಗುತ್ತದೆ. ಹತ್ತು ನಿಮಿಷಕ್ಕೆ 4 ಜಿಬಿ. ಇದನ್ನು ಲೆಕ್ಕ ಹಾಕಿಯೇ 256 ಸಾಕಾ, 512 ಬೇಕಾ ಅಂತ ನಿರ್ಧರಿಸಿ.

ಎಷ್ಟು ವರ್ಷ ಬಾಳುತ್ತದೆ ಅನ್ನುವ ಚಿಂತೆ ಈಗ ಅಷ್ಟಿಲ್ಲ. ಎಸ್25 ಅಲ್ಟ್ರಾಗೆ 7 ವರ್ಷ ಆಂಡ್ರಾಯ್ಡ್‌ನ ಹೊಸ ಆವೃತ್ತಿ ಮತ್ತು ಭದ್ರತೆಯ ಅಪ್‌ಡೇಟ್ ಕೊಡುತ್ತೇವೆ ಅಂತ ಸ್ಯಾಮ್‌ಸಂಗ್ ಮಾತು ಕೊಟ್ಟಿದೆ. ಆ್ಯಪಲ್ ಕಡೆ ನೋಡುವುದಾದರೆ, 2018ರ ಐಫೋನ್ ಎಕ್ಸ್‌ಎಸ್‌ಗೆ 2024ರಲ್ಲಿ ಐಒಎಸ್ 18 ಬಂತು.

ಕೈಯಲ್ಲಿ ಹಿಡಿದು ನೋಡದೆ ಬೇಡ

ಸ್ಯಾಮ್‌ಸಂಗ್ 218 ಗ್ರಾಂ, ಐಫೋನ್ 227 ಗ್ರಾಂ. 9 ಗ್ರಾಂ ಏನೂ ಅಲ್ಲ. ಆದರೆ ಅಂಚು ಹೇಗಿದೆ, ಕಿರುಬೆರಳ ಮೇಲೆ ಎಲ್ಲಿ ಕೂರುತ್ತದೆ, ಒಂದೇ ಕೈಯಲ್ಲಿ ಹಿಂದಕ್ಕೆ ಹೋಗುವ ಸನ್ನೆ ಮಾಡಲು ಹೆಬ್ಬೆರಳು ಮುಟ್ಟುತ್ತದಾ ಅನ್ನುವುದು ದೊಡ್ಡ ವಿಷಯ. ನಿಮ್ಮ ಭಾಷೆಯ ಕೀಬೋರ್ಡ್ ಹಾಕಿಸಿಕೊಂಡು ಹತ್ತು ಸಾಲು ಟೈಪ್ ಮಾಡಿ. ಒತ್ತಕ್ಷರ ಎಷ್ಟು ಒತ್ತಿನಲ್ಲಿ ಬರುತ್ತದೆ, ಪದ ಸೂಚಿಸುವಾಗ ಸರಿಯಾದದ್ದು ಬರುತ್ತದಾ ನೋಡಿ. ದಿನಕ್ಕೆ ನೂರು ಸಲ ಮಾಡುವ ಕೆಲಸ ಇದು. ವಿಮರ್ಶೆ ಬರೆಯುವವರು ಹೆಚ್ಚಿನವರು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ಬರೆಯುತ್ತಾರೆ, ಇದು ಅವರ ಕಣ್ಣಿಗೆ ಬೀಳುವುದೇ ಇಲ್ಲ.

ಎಸ್25 ಅಲ್ಟ್ರಾದೊಳಗೆ ಪರದೆ ಮೇಲೆ ಬರೆಯುವ ಎಸ್ ಪೆನ್ ಇದೆ. ಈ ಸಲ ಅದರಿಂದ ಬ್ಲೂಟೂತ್ ತೆಗೆದಿದ್ದಾರೆ, ಹಾಗಾಗಿ ದೂರ ನಿಂತು ಪೆನ್ ಒತ್ತಿ ಫೋಟೋ ತೆಗೆಯಲು ಆಗುವುದಿಲ್ಲ. ಬರೆಯುವುದಕ್ಕೆ ಏನೂ ತೊಂದರೆ ಇಲ್ಲ. ಕೈಬರಹ ಬೇಡದವರಿಗೆ ಅದು ಲೆಕ್ಕಕ್ಕಿಲ್ಲ. ಬೇಕಾದವರಿಗೆ ಐಫೋನಿನಲ್ಲಿ ಅದಕ್ಕೆ ಬದಲಿಯೇ ಇಲ್ಲ, ಆ್ಯಪಲ್ ಪೆನ್ಸಿಲ್ ಐಫೋನ್ ಮೇಲೆ ಬರೆಯುವುದಿಲ್ಲ.

ತಂಗಿ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಗಣಿತ ಹೇಳಿಕೊಡುತ್ತಾಳೆ. ಲೆಕ್ಕವನ್ನು ಪರದೆ ಮೇಲೆ ಬರೆದು ಕಳಿಸುತ್ತಾಳೆ. ಎಂಟು ವರ್ಷದಿಂದ ಆಂಡ್ರಾಯ್ಡ್. ಕೈಯಲ್ಲಿ ಗ್ಯಾಲಕ್ಸಿ ವಾಚ್. ಹಾಳೆ ಮೇಲೆ ಬರೆದುಕೊಂಡ ಮೇಲೆ ಅವಳೇ ಹೇಳಿದಳು, "ಇದು ಯೋಚನೆ ಮಾಡೋ ವಿಷಯವೇ ಅಲ್ಲ, ಅಲ್ವಾ ಅಣ್ಣಾ?" ಎಸ್25 ಅಲ್ಟ್ರಾ ತಗೊಂಡಳು. ಮ್ಯಾಕ್‌ಬುಕ್ ಇಟ್ಟುಕೊಂಡು ಮಕ್ಕಳ ವಿಡಿಯೋ ತೆಗೆದು ತೆಗೆದು ಎಡಿಟ್ ಮಾಡುವ ಗೆಳೆಯ ಕೇಳಿದ್ದರೆ ಅಷ್ಟೇ ಧೈರ್ಯದಿಂದ ಐಫೋನ್ ಅನ್ನುತ್ತಿದ್ದೆ. ಸುತ್ತ ಏನೂ ಇಲ್ಲದೆ ಹೊಸದಾಗಿ ಶುರು ಮಾಡುವವರಿಗೆ ನನ್ನ ಪ್ರಶ್ನೆ ಒಂದೇ: ಜಾಸ್ತಿ ತೆಗೆಯುವುದು ವಿಡಿಯೋನಾ, ದೂರದ ಫೋಟೋನಾ? ವಿಡಿಯೋ ಅಂದರೆ ಐಫೋನ್, ದೂರದ್ದು ಅಂದರೆ ಸ್ಯಾಮ್‌ಸಂಗ್.

ಯಾವುದನ್ನೇ ಕೊಂಡರೂ ಹಳೆಯ ಫೋನನ್ನು ಕೂಡಲೇ ಅಳಿಸಬೇಡಿ. ಕೆಲವು ವರ್ಷದ ಹಿಂದೆ ನಾನು ಹೊಸ ಫೋನ್ ಬಂದ ದಿನವೇ ಹಳೆಯದನ್ನು ಪೂರ್ತಿ ಅಳಿಸಿ ಒಬ್ಬರಿಗೆ ಕೊಟ್ಟುಬಿಟ್ಟೆ. ಖಾತೆಗಳಿಗೆ ಲಾಗಿನ್ ಆಗಲು ಆರಂಕಿಯ ಕೋಡ್ ಕೊಡುವ ಅಥೆಂಟಿಕೇಟರ್ ಆ್ಯಪ್ ಅದರಲ್ಲೇ ಇತ್ತು. ಎರಡು ಖಾತೆಗಳನ್ನು ಮತ್ತೆ ತೆರೆಯಲು ಹದಿನೈದು ದಿನ ಓಡಾಡಬೇಕಾಯಿತು. ಹಾಗಾಗಿ ಮೊದಲು ಆ ಆ್ಯಪ್‌ನಲ್ಲಿರುವ ಕೋಡ್‌ಗಳನ್ನು ಹೊಸ ಫೋನಿಗೆ ಸಾಗಿಸಿ, ಬ್ಯಾಂಕ್ ಆ್ಯಪ್‌ಗಳು ಹೊಸದರಲ್ಲಿ ತೆರೆಯುತ್ತವೆಯೇ ನೋಡಿ. ಹಳೆಯದನ್ನು ಎರಡು ವಾರ ಚಾರ್ಜ್ ಮಾಡಿ ಪಕ್ಕದಲ್ಲೇ ಇಟ್ಟುಕೊಳ್ಳಿ.